ಕಾರ್ಖಾನೆಯವರು ಕೊಟ್ಟ ಬೀಗದ ಕೈ

ಊರಿನ ಮನೆಗೆ ಬೀಗ ಹಾಕಿ ಪರಸ್ಥಳಕ್ಕೆ ಬಂದ ನಮ್ಮವರಲ್ಲಿ ಹಲವರು ಈಗ ಜಗಲಿಗೊಂದು ಕ್ಯಾಮೆರಾ ಹಾಕಿಸಿ, ಮುಂಬಯಿಯಲ್ಲಿ ಕುಳಿತೇ ಅಂಗಳವನ್ನು ನೋಡಿಕೊಳ್ಳುತ್ತಾರೆ. ವಯಸ್ಸಾದ ತಾಯ್ತಂದೆಯರು ಅಲ್ಲೇ ಇದ್ದರಂತೂ ಅದೊಂದು ದೊಡ್ಡ ಸಮಾಧಾನವೇ ಸರಿ. ಆದರೆ ಈಚಿನ ಚರಿತ್ರೆಯನ್ನು ನೋಡಿದರೆ, ಆ ಕಣ್ಣಿಗೆ ಒಡೆಯರು ನಾವೊಬ್ಬರೇ ಎಂದು ನಂಬಿ ಕೂಡುವಂತಿಲ್ಲ.

1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಇಂಟರ್‌ನೆಟ್ಟಿಗೆ ಬಿಟ್ಟ ಪುಟ್ಟ ಪ್ರೋಗ್ರಾಮೊಂದು ಸಾವಿರಾರು ಕಂಪ್ಯೂಟರುಗಳನ್ನು ಕುಂಟಿಸಿತು. ಒಳನುಗ್ಗಲು ಅದು ಹಿಡಿದ ದಾರಿಗಳಲ್ಲೊಂದು, ಜನ ಸಾಮಾನ್ಯವಾಗಿ ಇಟ್ಟುಕೊಳ್ಳುವ ಪಾಸ್‌ವರ್ಡುಗಳನ್ನು ಒಂದೊಂದಾಗಿ ಊಹಿಸಿ ನೋಡುವುದು. ಅಂದು ಆ ಯಂತ್ರಗಳಿದ್ದದ್ದು ಬಹುಮಟ್ಟಿಗೆ ವಿದ್ಯಾಲಯ, ಸಂಶೋಧನಾಲಯಗಳಲ್ಲಿ. ರೋಗ ಕಂಡು ಮದ್ದು ಮಾಡಬಲ್ಲ ತಜ್ಞರು ಪಕ್ಕದಲ್ಲೇ ಇದ್ದರು. 28 ವರ್ಷಗಳ ತರುವಾಯ ಅದೇ ಉಪಾಯ ಮನೆಗಳೊಳಕ್ಕೆ ಬಂದಾಗ ಅಂಥವರು ಯಾರೂ ಇರಲಿಲ್ಲ.

2016ರ ಆಗಸ್ಟಿನಲ್ಲಿ ಕಾಣಿಸಿಕೊಂಡ ಇದರ ಹೆಸರು ‘ಮಿರಾಯ್’. ಜಪಾನೀ ಭಾಷೆಯಲ್ಲಿ ಭವಿಷ್ಯವೆಂದರ್ಥ. ಇದು ಇಂಟರ್‌ನೆಟ್ಟಿನಲ್ಲಿ ಅಲೆಯುತ್ತ, ಕ್ಯಾಮೆರಾ, ರೌಟರ್, ವೀಡಿಯೋ ದಾಖಲಿಸುವ ಪೆಟ್ಟಿಗೆಗಳ ಬಾಗಿಲು ತಟ್ಟುತ್ತಿತ್ತು. ಕೈಯಲ್ಲಿದ್ದದ್ದು ಸುಮಾರು 60 ಹೆಸರು–ಪಾಸ್‌ವರ್ಡ್ ಜೋಡಿಗಳು ಮಾತ್ರ. ‘ಅಡ್ಮಿನ್, ಅಡ್ಮಿನ್’, ‘ರೂಟ್, 12345’ ಎಂಬಂಥ, ಕಾರ್ಖಾನೆಯಿಂದಲೇ ಬಂದ ಗುಟ್ಟುಗಳು! ಅಷ್ಟಕ್ಕೇ ಮೊದಲ 20 ಗಂಟೆಗಳಲ್ಲಿ ಸುಮಾರು 65,000 ಸಾಧನಗಳು ಅದರ ವಶವಾದವು. ಉಚ್ಛ್ರಾಯದಲ್ಲಿ 6 ಲಕ್ಷ. ಮನೆಯೊಡೆಯನಿಗೆ ಸುಳಿವೇ ಇಲ್ಲ, ಏಕೆಂದರೆ ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು. ಆರಿಸಿ ಹೊತ್ತಿಸಿದರೆ ಪೀಡೆ ಅಳಿಸಿಹೋಗುತ್ತಿತ್ತು, ನಿಜ. ಪಾಸ್‌ವರ್ಡ್ ಬದಲಿಸದಿದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಹಾಜರು.

ಇದನ್ನು ರಚಿಸಿದವರು ಮೂವರು ಅಮೆರಿಕನ್ ತರುಣರು. ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ಸುತ್ತಣ ವ್ಯಾಪಾರದ ಪೈಪೋಟಿಯೂ ಇದರ ಹಿಂದಿತ್ತೆಂದರೆ ನಗಬೇಕೋ ಅಳಬೇಕೋ ತಿಳಿಯದು. ಸೆಪ್ಟೆಂಬರ್ ಕೊನೆಗೆ ಅದರ ಸೂತ್ರವನ್ನೇ ಬಯಲಿಗೆ ಹಾಕಿದ್ದರಿಂದ ಅದು ಕಂಡಕಂಡವರ ಕೈ ಸೇರಿತು. ಅಕ್ಟೋಬರ್ 21ರಂದು, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡಿನ್ ಸಂಸ್ಥೆಯ ಮೇಲೆ ಇಂಥ ಅಸಂಖ್ಯ ಸಾಧನಗಳು ಏಕಕಾಲಕ್ಕೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ಅಮೆರಿಕದ ಬಹುಭಾಗದಲ್ಲಿ ಗಂಟೆಗಟ್ಟಲೆ ಸಿಗದಾದವು. ಮೂವರೂ 2017ರಲ್ಲಿ ತಪ್ಪೊಪ್ಪಿಕೊಂಡರು.

ಮನೆಯವರನ್ನು ದೂರುವುದು ಸುಲಭ, ಆದರೆ ನಮಗದು ನ್ಯಾಯವೆನಿಸುವುದಿಲ್ಲ. ಕೆಲವು ಸಾಧನಗಳಲ್ಲಿ ಪಾಸ್‌ವರ್ಡನ್ನು ಬದಲಿಸಲಾಗದಂತೆ ಒಳಗೇ ಬರೆದಿಟ್ಟಿದ್ದರು! ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ತಡೆಯುವ ಕಾನೂನು ಕ್ಯಾಲಿಫೋರ್ನಿಯದಲ್ಲಿ 2020ರಲ್ಲಿ, ಬ್ರಿಟನ್ನಿನಲ್ಲಿ 2024ರಲ್ಲಿ ಜಾರಿಗೆ ಬಂತು. ನಮ್ಮ ದೇಶದಲ್ಲೂ 2025ರ ಏಪ್ರಿಲ್‌ನಿಂದ ಮಾರಾಟಕ್ಕೆ ಬರುವ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಅದಕ್ಕೂ ಮೊದಲೇ ಗೋಡೆಗೇರಿದವುಗಳ ಪಾಸ್‌ವರ್ಡ್ ಬದಲಾಗಿದೆಯೇ ಎಂಬುದನ್ನು ಅಳವಡಿಸಿದವರನ್ನು ಕರೆಸಿ ಕೇಳಿಯೇ ತಿಳಿಯಬೇಕಾಗಿದೆ.