ಸಗರನಾಡಿನ ಹೊಸ ಓದುಗರು ಮತ್ತು ‘ಚಂದಮಾಮ’

ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಸಗರನಾಡಿನಲ್ಲಿ ಚಿತ್ರಕಲೆಗೆ ಹಳೆಯ ಪರಂಪರೆಯಿದ್ದರೂ, ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಬಂಗಾರದ ರೇಕು ಬಳಸಿ ಬರೆಯುವ ಆ ಕಿರುಚಿತ್ರಗಳು ಹೆಚ್ಚಾಗಿ ಅರಮನೆಯ ವಲಯದಲ್ಲೇ ಉಳಿದವು. ಚಿತ್ರ ಮತ್ತು ಕನ್ನಡ ಕಥೆ ಒಂದೇ ಪುಟದಲ್ಲಿ ಅಚ್ಚಾಗಿ ತಿಂಗಳು ತಿಂಗಳೂ ಮಕ್ಕಳಿಗೆ ಸಿಗುವಂತಾದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಅದರಲ್ಲಿ ಮದರಾಸಿನ ‘ಚಂದಮಾಮ’ದ ಪಾಲು ದೊಡ್ಡದು.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆಯ ಕನ್ನಡ ಆವೃತ್ತಿ ಹೊರಬಂದದ್ದು 1949ರ ಜುಲೈನಲ್ಲಿ, ಅಂದರೆ ಸಗರನಾಡು ಸೇರಿದ್ದ ಹೈದರಾಬಾದ್ ಸಂಸ್ಥಾನದ ಆಳ್ವಿಕೆ 1948ರ ಸೆಪ್ಟೆಂಬರ್ 17ರಂದು ಕೊನೆಗೊಂಡ ಸುಮಾರು ಹತ್ತು ತಿಂಗಳಿಗೆ. ಆ ಆಳ್ವಿಕೆಯಲ್ಲಿ ಗುಲ್ಬರ್ಗ ಜಿಲ್ಲೆಗೆ ಸೇರಿದ್ದ ಈ ಮೂರು ತಾಲ್ಲೂಕುಗಳಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ ನಡೆಯುತ್ತಿದ್ದುದರಿಂದ, ಓದಿನಿಂದ ಮೇಲೇರಬಯಸಿದವರಿಗೆ ಕನ್ನಡದ ಅಗತ್ಯ ಕಡಿಮೆಯಿತ್ತು. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿ ಕನ್ನಡ ಶಾಲೆಗಳು ಬೆಳೆದಂತೆ, ಪಠ್ಯದಾಚೆಗೆ ಓದಲು ಸುಲಭವಾದ ಸಾಮಗ್ರಿ ಬೇಕೆನ್ನುವ ಹೊಸ ಓದುಗ ವರ್ಗವೊಂದು ಇಲ್ಲಿ ಮೂಡಿತು.

ಅಂಥ ಓದುಗರಿಗಾಗಿಯೇ ಬೇರೆ ಪತ್ರಿಕೆ ಹೊರಡಿಸುವುದು ದುಬಾರಿಯಾಗಿದ್ದ ಕಾಲದಲ್ಲಿ ‘ಚಂದಮಾಮ’ ಕಂಡುಕೊಂಡ ದಾರಿಯೆಂದರೆ, ಚಿತ್ರಗಳನ್ನು ಎಲ್ಲ ಭಾಷೆಗಳಿಗೂ ಸಾಮಾನ್ಯವಾಗಿಸಿ ಕಥಾಭಾಗವನ್ನಷ್ಟೇ ಆಯಾ ಭಾಷೆಯಲ್ಲಿ ಮೊಳೆ ಜೋಡಿಸುವುದು. ಸಂಪಾದಕ ಕೊಡವಟಿಗಂಟಿ ಕುಟುಂಬರಾವ್ ತೆಲುಗಿನಲ್ಲಿ ರೂಪಿಸಿದ ಕಥೆಗಳು ಉಳಿದ ಭಾಷೆಗಳಿಗೆ ಅನುವಾದಗೊಳ್ಳುತ್ತಿದ್ದವು. ಕನ್ನಡಿಗ ಕಲಾವಿದ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳನ್ನು ಬೇರೆ ಭಾಷೆಗಳ ಮಕ್ಕಳೂ ನೋಡುತ್ತಿದ್ದರು. ಹೆಗಲ ಮೇಲೆ ಶವ ಹೊತ್ತು, ಖಡ್ಗ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವನ್ನು ಕಲಾವಿದ ಶಂಕರ್ ಬರೆದರು. ಆ ಚಿತ್ರದೊಳಗೆ ಒಂದಕ್ಷರವೂ ಇಲ್ಲ, ಶವದೊಳಗಿನ ಬೇತಾಳನ ಪ್ರಶ್ನೆಯೂ ಅರಸನ ಉತ್ತರವೂ ಪಕ್ಕದ ಗದ್ಯದಲ್ಲಿರುತ್ತವೆ.

ಇದೇ ಕಾಲದ ಫ್ರಾನ್ಸಿನ ಪತ್ರಿಕೆಗಳು ಬೇರೆ ಹಾದಿ ಹಿಡಿದವು. 1959ರ ಅಕ್ಟೋಬರ್ 29ರಂದು ಹೊರಟ ‘ಪಿಲೋತ್’ ವಾರಪತ್ರಿಕೆ ತನ್ನ ಮೊದಲ ಸಂಚಿಕೆಯಲ್ಲೇ ಗೊಸಿನ್ನಿ ಮತ್ತು ಉದೆರ್ಜೊ ಅವರ ‘ಆಸ್ಟೆರಿಕ್ಸ್’ ಅನ್ನು ಪರಿಚಯಿಸಿತು. ಅದು ಕಾಮಿಕ್ಸ್, ಅಂದರೆ ಚೌಕಗಳ ಸಾಲಿನಲ್ಲಿ ಕಥೆ ಮುಂದುವರಿದು ಪಾತ್ರದ ಮಾತು ಬಾಯಿಯ ಬಳಿಯ ಗುಳ್ಳೆಯೊಳಗೆ ಕಾಣುವ ಪ್ರಕಾರ. ಅಲ್ಲಿ ಅಕ್ಷರ ಚಿತ್ರದ ಅಂಗವಾಗಿರುವುದರಿಂದ, ಭಾಷೆ ಬದಲಾದಾಗ ಗುಳ್ಳೆಗಳನ್ನೆಲ್ಲ ಹೊಸದಾಗಿ ಬರೆಯಬೇಕು. ಕನ್ನಡದಲ್ಲಿ ಈ ರೂಪವನ್ನು ಮನೆಮಾತಾಗಿಸಿದ್ದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ‘ಅಮರ ಚಿತ್ರಕಥೆ’.

‘ಚಂದಮಾಮ’ದ ಹಲವು ಭಾಷೆಗಳ ಹೊರೆಯನ್ನು ಒಂದೇ ಮುದ್ರಣಾಲಯ ಹೊತ್ತದ್ದರಿಂದ ಸಣ್ಣ ಊರಿನ ಕನ್ನಡ ಓದುಗರಿಗೂ ಒಳ್ಳೆಯ ಚಿತ್ರಗಳು ದೊರೆತವು. ಅದೇ ಕಾರಣಕ್ಕೆ ಕನ್ನಡ ಆವೃತ್ತಿಯ ಆಯುಷ್ಯ ಕನ್ನಡ ಓದುಗರ ಕೈಯಲ್ಲಿ ಉಳಿಯಲಿಲ್ಲ. 1998ರಲ್ಲಿ ಮದರಾಸಿನ ಸಂಸ್ಥೆ ಕೆಲಸ ನಿಲ್ಲಿಸಿದಾಗ ಅದೂ ನಿಂತು, ಮರುವರ್ಷ ಚೇತರಿಸಿಕೊಂಡು, 2007ರಲ್ಲಿ ಮುಂಬೈನ ಜಿಯೋಡೆಸಿಕ್ ಕಂಪನಿಯ ಪಾಲಾಗಿ, ಕೆಲವೇ ವರ್ಷಗಳಲ್ಲಿ ಉಳಿದ ಆವೃತ್ತಿಗಳ ಜೊತೆಗೇ ಮುಗಿಯಿತು.