ಕಸ ನಮ್ಮದು, ತಿಪ್ಪೆ ಪಕ್ಕದೂರಿನದು

ತುಮಕೂರಿನ ಉಪ್ಪಾರಹಳ್ಳಿ ಗೊತ್ತಲ್ಲ? ರೈಲ್ವೆ ಹಳಿ ಮೇಲೆ ಫ್ಲೈಓವರ್ ಇರೋ ಉಪ್ಪಾರಹಳ್ಳಿ. ದಿನಾ ಅದರ ಮೇಲೆ ಎಷ್ಟೋ ಜನ ಓಡಾಡ್ತಾರೆ, ಈ ಹೆಸರು ಯಾಕೆ ಬಂತು ಅಂತ ಯಾರೂ ಕೇಳೋದಿಲ್ಲ. ಹೆಸರಲ್ಲೇ ಉಪ್ಪಿದೆ ನೋಡಿ. ಯಾವ ಬೆಳೆಯೂ ಬಾರದ ಚೌಳು ಮಣ್ಣನ್ನು ಕೆರೆದು ತಂದು, ನೀರು ಹಾಕಿ ಬಸಿದು, ಆ ನೀರನ್ನು ಇಂಗಿಸಿ ಉಪ್ಪು ತೆಗೆಯುತ್ತಿದ್ದ ಜನ ಉಪ್ಪಾರರು. ಕರಾವಳಿಯ ಉಪ್ಪು ಅಗ್ಗವಾಗಿ ಬರತೊಡಗಿತು, ಸರ್ಕಾರಗಳ ಉಪ್ಪಿನ ಕಾನೂನು ಬಿಗಿಯಾಯಿತು, ಆ ಕಸುಬು ನಿಂತಿತು. ಆಮೇಲೆ ಅವರು ಕೆರೆ ತೋಡಿದರು, ಬಾವಿ ತೋಡಿದರು, ಮನೆ ಕಟ್ಟಿದರು. ಊರು ಬೇಡ ಅಂದ ಮಣ್ಣಿನಿಂದ ಊರಿಗೆ ಬೇಕಾದ್ದನ್ನು ತೆಗೆದುಕೊಟ್ಟವರು ಅವರು.

ಅವರ ಹೆಸರು ಹೊತ್ತ ಬಡಾವಣೆಯಲ್ಲಿ ಇವತ್ತಿನ ಜಗಳ ಏನು? ತುಮಕೂರಲ್ಲಿ ಮಾತ್ರ ಅಲ್ಲ, ಕರ್ನಾಟಕದ ಯಾವ ಪಟ್ಟಣಕ್ಕೆ ಹೋದರೂ ಅದೇ. ಕಸದ ಆಟೋ ಬಂದು ನಿಲ್ಲುತ್ತೆ. ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಿ ಅಂತಾರೆ ಆಟೋದವರು. ಮನೆಯವರಿಗೆ ಸಿಟ್ಟು. "ಅಲ್ಲಾ ಸ್ವಾಮಿ, ತೆರಿಗೆ ಕಟ್ಟಲ್ವಾ ನಾವು? ಬೇರೆ ಮಾಡೋದು ನಮ್ಮ ಕೆಲಸಾನಾ?"

ಪ್ರಶ್ನೆ ಸರಿಯಾಗೇ ಇದೆ. ಉತ್ತರ ಬೇಕು ಅಂದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಯಾಕೆಂದರೆ ನಮ್ಮ ಕಸದ ಕಾನೂನಿನ ಚರಿತ್ರೆ ಅಂದರೆ ಹೊಣೆಯನ್ನು ಇನ್ನೊಬ್ಬರ ತಲೆ ಮೇಲೆ ಹೊರಿಸಿದ ಚರಿತ್ರೆ. ತಲೆ ಮೇಲೆ ಅನ್ನೋದನ್ನು ಮಾತಿನ ಚಂದಕ್ಕೆ ಹೇಳ್ತಿಲ್ಲ, ಮುಂದೆ ನೋಡ್ತೀರಿ.

ಹಳ್ಳಿ ಮನೆಯಲ್ಲಿ ಕಸ ಅನ್ನೋದಕ್ಕೆ ಒಂದೊಂದಕ್ಕೂ ಒಂದು ದಾರಿ ಇತ್ತು. ಅಕ್ಕಿ ತೊಳೆದ ನೀರು, ಮಿಕ್ಕಿದ ಗಂಜಿ ಕಲಗಚ್ಚಾಗಿ ಹಸುವಿಗೆ. ತೆಂಗಿನ ಚಿಪ್ಪು, ಗರಿ, ಮೊಟ್ಟೆ ಬಚ್ಚಲೊಲೆಗೆ. ಒಲೆಯ ಬೂದಿ ಪಾತ್ರೆ ಉಜ್ಜೋದಕ್ಕೆ. ಹರಿದ ಸೀರೆ ಕೌದಿಗೆ. ಉಳಿದದ್ದು, ಕೊಟ್ಟಿಗೆಯ ಸಗಣಿ ಗಂಜಲದ ಜೊತೆ ತಿಪ್ಪೆಗೆ. ತಿಪ್ಪೆ ಅಂದರೆ ಅಸಹ್ಯ ಅಲ್ಲ ಆಗ, ಆಸ್ತಿ. ದೀಪಾವಳಿಯಲ್ಲಿ ತಿಪ್ಪೆಗೆ ದೀಪ ಇಡ್ತಿದ್ರು, ಮಕ್ಕಳಿಗೆ ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಸ್ವಾಮಿ ಅಂತ ಹೆಸರಿಡ್ತಿದ್ರು. ಹಸಿ ಕಸ, ಒಣ ಕಸ ಅನ್ನೋ ಮಾತು ಗೊತ್ತಿಲ್ಲದೇನೇ ನಮ್ಮಜ್ಜಿಯರು ನಾಲ್ಕೈದು ಭಾಗ ಮಾಡ್ತಿದ್ರು. ಇಂದು ಬೇರೆ ಮಾಡಿ ಅಂದರೆ ನಮಗೆ ತಲೆನೋವು!

ಪೇಟೆಯಲ್ಲಿ ಹೊಲ ಇಲ್ಲ, ಕೊಟ್ಟಿಗೆ ಇಲ್ಲ. ಕಸ ಬೀದಿಗೆ ಬಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳಿಗೆ ಹೋದರು. ಆ ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಒಂದು ಕಿರುದಾರಿ ಕಾಣುತ್ತೆ, ಕನ್ಸರ್ವೆನ್ಸಿ ಗಲ್ಲಿ ಅಂತ. ಅದು ಯಾಕಿತ್ತು ಗೊತ್ತಾ? ಮಲ, ಕಸ ಒಯ್ಯೋ ಮನುಷ್ಯ ಮುಂಬಾಗಿಲಿಗೆ ಬರಬಾರದು, ಮನೆಯವರ ಕಣ್ಣಿಗೆ ಬೀಳಬಾರದು. ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಬೇಕು. ಆ ಕಾಲದ ನಿಯಮ ಮನೆಯವರಿಗೆ ಹೇಳಿದ್ದು ಇಷ್ಟೇ: ನೀವು ಹೊರಗಿಡಿ, ಮಿಕ್ಕಿದ್ದು ನಮಗೆ ಬಿಡಿ.

ಇನ್ನೊಂದು ಸಂಗತಿ, ಕನ್ನಡಿಗರೇ ಮರೆತಿರೋದು. ಗೊಬ್ಬರ ಮಾಡೋ ವಿಧಾನಗಳಲ್ಲಿ ಜಗತ್ತೇ ಓದುವ ಒಂದಕ್ಕೆ ‘ಬೆಂಗಳೂರು ವಿಧಾನ’ ಅಂತ ಹೆಸರು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೀತೀವಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಸಿ.ಎನ್. ಆಚಾರ್ಯ ಅನ್ನೋ ವಿಜ್ಞಾನಿ ರೂಪಿಸಿದ್ದು. ಅದಕ್ಕೆ ಮೊದಲು ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ಒಂದು ವಿಧಾನ ಮಾಡಿದ್ದರು. ಅದರಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು, ಆಳು ಬೇಕು, ನೀರು ಬೇಕು. ಪುರಸಭೆಗಳ ಕೈಲಿ ಆಗದ ಕೆಲಸ. ಆಚಾರ್ಯರದು ಸರಳ. ಊರಾಚೆ ಸುಮಾರು ಮೂರಡಿ ಆಳದ ಕಾಲುವೆಯಂಥ ಗುಂಡಿ. ಒಂದು ಪದರ ಊರಿನ ಕಸ, ಅದರ ಮೇಲೆ ತೆಳುವಾಗಿ ಮಲ, ಮತ್ತೆ ಕಸ, ಮತ್ತೆ ಮಲ. ಕೊನೆಗೆ ಮಣ್ಣು ಮುಚ್ಚಿ ಬಿಟ್ಟುಬಿಡೋದು. ಐದಾರು ತಿಂಗಳಿಗೆ ಗೊಬ್ಬರ. ನೊಣ ಇಲ್ಲ, ನಾತ ಕಡಿಮೆ, ಮಗುಚೋ ಕೆಲಸ ಇಲ್ಲ. 1940ರ ದಶಕದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ನಡೀತಲ್ಲ, ಆಗ ದೇಶದ ಪಟ್ಟಣಗಳು ತಮ್ಮ ಕಸವನ್ನು ಹೀಗೆ ಗೊಬ್ಬರ ಮಾಡಿ ರೈತರಿಗೆ ಕೊಡೋಕೆ ಹೊರಟವು.

ಇದು ನಡೆದದ್ದಕ್ಕೆ ಒಂದು ಕಾರಣ, ಅಂದಿನ ಕಸದಲ್ಲಿ ಪ್ಲಾಸ್ಟಿಕ್ ಇರಲಿಲ್ಲ. ಇನ್ನೊಂದು ಕಾರಣ ಯಾವ ಪಠ್ಯಪುಸ್ತಕದಲ್ಲೂ ದೊಡ್ಡದಾಗಿ ಬರೆದಿರಲ್ಲ. ಆ ಎರಡನೇ ಪದರವನ್ನು ಗುಂಡಿಯ ತನಕ ಹೊತ್ತು ತಂದವರು ಯಾರು? ಬುಟ್ಟಿಯಲ್ಲಿ, ಡಬ್ಬದಲ್ಲಿ, ತಲೆ ಮೇಲೆ ಹೊತ್ತು ತಂದವರು? ಒಂದೆರಡು ಜಾತಿಯ ಹೆಣ್ಣುಮಕ್ಕಳು, ಗಂಡುಮಕ್ಕಳು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ, ತಲೆ ಮೇಲೆ ಮಲ ಹೊರೋ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. ಬೂಸಾ ಮಾತಿಗೆ ಬಸವಲಿಂಗಪ್ಪನವರನ್ನು ನೆನೆಯೋರು ಬಹಳ ಜನ. ಇದಕ್ಕೆ ನೆನೆಯೋರು ಎಷ್ಟು ಜನ ಹೇಳಿ?

ಮಲ ತಲೆಯಿಂದ ಇಳಿಯಿತು. ಕಸ ಇಳಿಯಲಿಲ್ಲ. 1975ರಲ್ಲಿ ಬೆಂಗಳೂರಿನ ಕಸದಿಂದ ಗೊಬ್ಬರ ಮಾಡೋಕೆ ಅಂತಲೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಅಷ್ಟರಲ್ಲಿ ಕಸದ ಜಾತಕವೇ ಬದಲಾಗತೊಡಗಿತ್ತು. ಪ್ಲಾಸ್ಟಿಕ್ ಕವರ್ ಬಂತು, ಹಾಲಿನ ಪ್ಯಾಕೆಟ್ ಬಂತು, ಶಾಂಪೂ ಸ್ಯಾಷೆ ಬಂತು, ಬ್ಯಾಟರಿ ಸೆಲ್ ಬಂತು. ಎಲ್ಲ ಒಟ್ಟಿಗೆ ಸೇರಿದ ಕಸದಿಂದ ಮಾಡಿದ ಗೊಬ್ಬರದಲ್ಲಿ ಗಾಜಿನ ಚೂರು ಸಿಕ್ಕರೆ ಯಾವ ರೈತ ಗದ್ದೆಗೆ ಹಾಕ್ತಾನೆ? ಬರಿಗಾಲಲ್ಲಿ ಇಳಿಯೋನು ಅವನು.

1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಸುದ್ದಿ. ದೇಶ ಬೆಚ್ಚಿಬಿತ್ತು. ಅದೇ ಹೊತ್ತಿಗೆ ಬೆಂಗಳೂರಿನ ಕೊತ್ತನೂರಿನ ಕಡೆ ವಾಸವಿದ್ದ ಅಲ್ಮಿತ್ರಾ ಪಟೇಲ್, ತಮ್ಮ ಸುತ್ತಮುತ್ತ ನಗರದ ಕಸ ತಂದು ಸುರಿಯೋದನ್ನು ನೋಡಿ ಸುಮ್ಮನೆ ಕೂರಲಿಲ್ಲ. ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿದ ಹೆಣ್ಣುಮಗಳು. 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟ್ ಸಮಿತಿ ನೇಮಿಸಿತು, 1999ರಲ್ಲಿ ವರದಿ ಬಂತು, 2000ದಲ್ಲಿ ಕೇಂದ್ರ ಸರ್ಕಾರ ನಗರದ ಘನತ್ಯಾಜ್ಯಕ್ಕೆ ದೇಶದ ಮೊದಲ ನಿಯಮಗಳನ್ನು ಹೊರಡಿಸಿತು. ಒಬ್ಬ ಬೆಂಗಳೂರಿಗರ ಅರ್ಜಿಯಿಂದ ಶುರುವಾದದ್ದು ಇಡೀ ದೇಶದ ಕಾನೂನಾಯಿತು. ಸಂಸ್ಕರಣಾ ಘಟಕ ಕಟ್ಟೋಕೆ ಪಾಲಿಕೆ, ಪುರಸಭೆಗಳಿಗೆ ಆ ನಿಯಮ ಕೊಟ್ಟ ಗಡುವು 2003ರ ಡಿಸೆಂಬರ್ 31. ಗಡುವು ಬಂತು, ಹೋಯ್ತು. ಊರೂರಲ್ಲೂ ಕಡತದಲ್ಲಿ ತಿಪ್ಪೆ ಸಾರಿಸಿದರು.

ಆ ತಿಪ್ಪೆಯ ನಾತ ಯಾರ ಮೂಗಿಗೆ ಬಡೀತು? ಬೆಂಗಳೂರಿನವರಿಗಲ್ಲ. ಮಾವಳ್ಳಿಪುರದವರಿಗೆ, ಮಂಡೂರಿನವರಿಗೆ. 2012ರಲ್ಲಿ ಮಾವಳ್ಳಿಪುರದ ಗುಂಡಿ ಮುಚ್ಚಿದಾಗ ರಾಜಧಾನಿಯ ಬೀದಿಗಳಲ್ಲಿ ಕಸ ಗುಡ್ಡೆಯಾಯಿತು, ವಿದೇಶಿ ಪತ್ರಿಕೆಗಳೂ ಬರೆದವು. ಅಷ್ಟೂ ಕಸ ಮಂಡೂರಿನ ಕಡೆ ತಿರುಗಿತು. ಬಾವಿ ನೀರು ಕೆಟ್ಟಿತು, ನೊಣ, ನಾತ ಅಂತ ಮಂಡೂರಿನ ಜನ ಲಾರಿಗೆ ಅಡ್ಡ ಮಲಗಿದರು. 2014ರಲ್ಲಿ ಹೋರಾಟ ತಾರಕಕ್ಕೇರಿತು. ಡಿಸೆಂಬರ್ 1ರಿಂದ ಕಸ ಕಳಿಸಲ್ಲ ಅಂತ ಸರ್ಕಾರ ಒಪ್ಪಬೇಕಾಯಿತು. ಆ ಜನ ಏನು ತಪ್ಪು ಮಾಡಿದ್ದರು? ಅವರ ಮನೆ ಕಸ ಅಲ್ಲ ಅದು. ಜಯನಗರದ ಮನೆಯಲ್ಲಿ ಅನ್ನದ ಜೊತೆ ಡೈಪರ್ ಕಟ್ಟಿ ಎಸೆದವರ ಕಸ. ಹಸಿ ಒಣ ಎರಡೂ ಬೆರೆತ ಕಸ ಕೊಳೆತು ರಸ ಬಿಡುತ್ತೆ, ಆ ರಸವೇ ಭೂಮಿಗೆ ಇಳಿಯೋದು.

ಹೈಕೋರ್ಟ್ ಮಧ್ಯ ಬಂತು. 2012ರಲ್ಲಿ ವಿಂಗಡಣೆ ಕಡ್ಡಾಯ ಅಂದಿತು, ವಾರ್ಡಿಗೊಂದು ಒಣ ಕಸ ಸಂಗ್ರಹ ಕೇಂದ್ರದ ಕೆಲಸ ಚುರುಕಾಯಿತು. 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ, ಒಂದು ಚೀಲ ಅನ್ನೋ ಆದೇಶ: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್‌ನಂಥದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಆ ಒಣ ಕಸ ಕೇಂದ್ರಗಳಲ್ಲಿ ಬಹಳಷ್ಟನ್ನು ನಡೆಸ್ತಿರೋರು ಯಾರು? ಮೊದಲು ಬೀದಿಯಲ್ಲಿ ಚೀಲ ಹಿಡಿದು ಕಸ ಆಯುತ್ತಿದ್ದವರೇ. ಅವರಿಗೆ 2011ರಿಂದ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತ್ತು. ಊರು ಬೇಡ ಅಂದದ್ದರಲ್ಲಿ ಬೇಕಾದ್ದನ್ನು ತೆಗೆಯೋ ಕಸುಬು, ಇನ್ನೊಂದು ರೂಪದಲ್ಲಿ. ಮೈಸೂರಿನ ಕುಂಬಾರಕೊಪ್ಪಲಿನ ಘಟಕವೂ ಇದನ್ನು ಮಾಡಿ ತೋರಿಸಿತ್ತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ಮೊದಲ ಸ್ಥಾನಕ್ಕೆ ಬಂದದ್ದು ಬರೀ ಅರಮನೆ ನೋಡಿ ಅಲ್ಲ.

ಈಗ ತುಮಕೂರಿಗೆ ಬನ್ನಿ. ಬೆಂಗಳೂರಿಗೆ ಮಂಡೂರು ಹೇಗೋ, ತುಮಕೂರಿಗೆ ಅಜ್ಜಗೊಂಡನಹಳ್ಳಿ ಹಾಗೆ. ಪಾಲಿಕೆಯ ಕಸ ಹೋಗೋದು ಅಲ್ಲಿಗೆ. ಅಲ್ಲಿನ ಜನರೂ ಬೇಡ ಅಂತ ಬೀದಿಗಿಳಿದವರೇ. ಉಪ್ಪಾರಹಳ್ಳಿಯ ಒಂದು ಮನೆಯಲ್ಲಿ ಹುರುಳಿಕಾಯಿ ನಾರು, ಹಾಲಿನ ಪ್ಯಾಕೆಟ್, ಮುಗಿದ ಮಾತ್ರೆ ಮೂರೂ ಒಂದೇ ಕವರಿಗೆ ಬಿದ್ದರೆ, ಅದು ಬಿಚ್ಚಿಕೊಳ್ಳೋದು ಅಜ್ಜಗೊಂಡನಹಳ್ಳಿಯಲ್ಲಿ. ಅಥವಾ ಅದಕ್ಕಿಂತ ಮೊದಲು, ಆಟೋದಲ್ಲಿ ನಿಂತ ಪೌರಕಾರ್ಮಿಕರ ಬರಿಗೈಯಲ್ಲಿ. ತೆರಿಗೆ ಕಟ್ಟಲ್ವಾ ಅಂತ ಕೇಳಿದ್ರಲ್ಲ? ತೆರಿಗೆ ಕಟ್ಟೋದು ಒಯ್ಯೋದಕ್ಕೆ. ಸೂಜಿ ಚುಚ್ಚಿಸಿಕೊಳ್ಳೋದಕ್ಕೆ ಯಾರಿಗೂ ಸಂಬಳ ಇಲ್ಲ.

2016ರ ಏಪ್ರಿಲ್‌ನಲ್ಲಿ ಬಂದ ಘನತ್ಯಾಜ್ಯ ನಿಯಮದ ಹೆಚ್ಚುಗಾರಿಕೆ ಇಲ್ಲೇ ಇದ್ದದ್ದು. ಮನೆಯವರ ಕರ್ತವ್ಯ ಅಂತ ಅದರಲ್ಲಿ ಬೇರೆ ಕಲಮೇ ಇತ್ತು. ಕನ್ಸರ್ವೆನ್ಸಿ ಗಲ್ಲಿಯಿಂದ ಹೊರಟ ಹೊಣೆ ಕೊನೆಗೂ ಮುಂಬಾಗಿಲಿಗೆ, ಅಡುಗೆಮನೆಗೆ ಬಂತು. ಹಸಿ, ಒಣ, ಮನೆಯ ಅಪಾಯಕಾರಿ ಕಸ ಅಂತ ಮೂರು ಭಾಗ ಮಾಡಬೇಕಿತ್ತು. ಪ್ಯಾಡ್, ಡೈಪರ್ ಬಿಗಿಯಾಗಿ ಸುತ್ತಿ ಕೊಡಬೇಕಿತ್ತು. ಬೀದಿಗೆ, ಚರಂಡಿಗೆ, ಕೆರೆಗೆ ಎಸೆಯೋ ಹಾಗಿರಲಿಲ್ಲ, ಸುಡೋ ಹಾಗಿರಲಿಲ್ಲ, ಹೂಳೋ ಹಾಗಿರಲಿಲ್ಲ. ಮನೆ ಒಡೆದ ಇಟ್ಟಿಗೆ, ಮಣ್ಣು ಬೇರೆಯೇ ಇಡಬೇಕಿತ್ತು, ಅದಕ್ಕೆ ಬೇರೆ ನಿಯಮ. ಇನ್ನೊಂದು ಕೇಳಿ: ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕೂ ಹೆಚ್ಚು ಜನರನ್ನು ಸೇರಿಸಿ ಸಮಾರಂಭ ಮಾಡಿದರೆ, 3 ಕೆಲಸದ ದಿನ ಮೊದಲು ಪಾಲಿಕೆಗೆ ತಿಳಿಸಬೇಕಿತ್ತು, ಕಸ ಬೇರೆ ಮಾಡಿ ಒಪ್ಪಿಸಬೇಕಿತ್ತು. ರಸ್ತೆಗೆ ಶಾಮಿಯಾನ ಹಾಕಿ ನಾಮಕರಣ ಮಾಡೋರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು?

ಆದರೆ ನಿಯಮ ಮನೆಯವರಿಗೆ ಮಾತ್ರ ಬರೆದದ್ದಲ್ಲ. ಪಾಲಿಕೆಗೂ ಒಂದು ಮಾತು ಹೇಳಿತ್ತು, ಅದನ್ನು ಯಾರೂ ದೊಡ್ಡ ದನಿಯಲ್ಲಿ ಓದಲಿಲ್ಲ. ಹಳೇ ಸೆಲ್, ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬ್, ಅವಧಿ ಮುಗಿದ ಔಷಧಿ, ಪೇಂಟ್ ಡಬ್ಬ, ಕೀಟನಾಶಕದ ಡಬ್ಬಿ, ಸೂಜಿ, ಒಡೆದ ಥರ್ಮಾಮೀಟರ್: ಇವನ್ನು ಜನ ತಂದು ಕೊಡೋಕೆ ಕೇಂದ್ರ ತೆರೆಯಬೇಕಿತ್ತು. ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ. ಮಿಕ್ಕ ಚೂರಿಗೂ ಒಂದು. ಯಾವ ಹೊತ್ತಿಗೆ ತೆರೆದಿರುತ್ತೆ ಅಂತ ಪ್ರಕಟಿಸಬೇಕಿತ್ತು. ನಿಮ್ಮ ಊರಿನ ವಿಸ್ತೀರ್ಣವನ್ನು 20ರಿಂದ ಭಾಗಿಸಿ ನೋಡಿ, ಎಷ್ಟು ಕೇಂದ್ರ ಇರಬೇಕಿತ್ತು ಅಂತ ನಿಮಗೇ ಗೊತ್ತಾಗುತ್ತೆ. ಆಟೋ ಬಂದಾಗ ಬೇರೆ ಮಾಡಿ ಕೊಡಿ. ಕೊಟ್ಟ ಮೇಲೆ ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ಕೇಳಿ: ಅಟ್ಟದ ಮೇಲಿರೋ ಈ ಟ್ಯೂಬ್‌ಲೈಟ್ ಎಲ್ಲಿಗೆ ತರಲಿ ಸ್ವಾಮಿ, ಎಷ್ಟು ಗಂಟೆಗೆ ಬಾಗಿಲು ತೆಗೀತೀರಿ?