ಪೋರ್ಟ್ ಮಿರರಿಂಗ್

ನೆಟ್‌ವರ್ಕ್ ಸ್ವಿಚ್‌ನ ಒಂದು ಅಥವಾ ಹಲವು ಪೋರ್ಟ್‌ಗಳಲ್ಲಿ ಹರಿಯುವ ಪ್ಯಾಕೆಟ್‌ಗಳ ಪ್ರತಿಯನ್ನು ನಿಗಾದ ಸಲುವಾಗಿ ಮತ್ತೊಂದು ಪೋರ್ಟ್‌ಗೆ ಕಳುಹಿಸುವ ವ್ಯವಸ್ಥೆ. ಸಿಸ್ಕೊ ಸ್ವಿಚ್‌ಗಳಲ್ಲಿ ಇದರ ಹೆಸರು ಸ್ಪ್ಯಾನ್. ಸ್ವಿಚ್‌ಗಿಂತ ಮೊದಲು ಬಳಕೆಯಲ್ಲಿದ್ದ ಹಬ್ ಬಂದುದನ್ನೆಲ್ಲ ಎಲ್ಲ ಪೋರ್ಟ್‌ಗಳಿಗೂ ಹಂಚುತ್ತಿತ್ತು. ಆದರೆ ಸ್ವಿಚ್ ಮ್ಯಾಕ್ ವಿಳಾಸ ನೋಡಿ ಸಂಬಂಧಪಟ್ಟ ಪೋರ್ಟ್‌ಗಷ್ಟೇ ಕಳುಹಿಸುವುದರಿಂದ ಈ ಏರ್ಪಾಡು ಅಗತ್ಯವಾಯಿತು. ಕ್ಯಾಟಲಿಸ್ಟ್ ಸ್ವಿಚ್‌ನಲ್ಲಿ ‘ಮಾನಿಟರ್ ಸೆಷನ್ 1’ ಆದೇಶದ ಜೊತೆ ‘ಸೋರ್ಸ್ ಇಂಟರ್‌ಫೇಸ್’ ಸೇರಿಸಿ ಮೂಲ ಪೋರ್ಟನ್ನೂ, ‘ಡೆಸ್ಟಿನೇಷನ್ ಇಂಟರ್‌ಫೇಸ್’ ಸೇರಿಸಿ ಗುರಿ ಪೋರ್ಟನ್ನೂ ಗೊತ್ತುಪಡಿಸುತ್ತಾರೆ. ಗುರಿ ಪೋರ್ಟ್‌ಗೆ ವೈರ್‌ಶಾರ್ಕ್ ಇರುವ ಕಂಪ್ಯೂಟರನ್ನೋ ಅತಿಕ್ರಮಣ ಪತ್ತೆ ಸಾಧನವನ್ನೋ ಜೋಡಿಸಲಾಗುತ್ತದೆ. ಮುಖ್ಯ ಮಿತಿ ವೇಗದ್ದು: 1 ಗಿಗಾಬಿಟ್ ಪೋರ್ಟ್ ಎರಡೂ ದಿಕ್ಕಿನಲ್ಲಿ ತುಂಬಿ ಹರಿದರೆ ಪ್ರತಿಯ ಮೊತ್ತ 2 ಗಿಗಾಬಿಟ್, 1 ಗಿಗಾಬಿಟ್ ವೇಗದ ಗುರಿ ಪೋರ್ಟ್ ಹೆಚ್ಚಿನದನ್ನು ಕೈಬಿಡುತ್ತದೆ. ಒಂದು ಪ್ಯಾಕೆಟೂ ತಪ್ಪಬಾರದ ಕಡೆ ಕೇಬಲ್ ನಡುವೆ ಕೂರಿಸುವ ಟ್ಯಾಪ್ ಉಪಕರಣವೇ ಸೂಕ್ತ.